ಸೀರಿ ಬಸ್ಸಿಗೆ ಆರನೇ ಗೇರು

ಗಜೇಂದ್ರಗಡದ ಏರಿನ ನಟ್ಟನಡುವೆ ಸೀರಿ ಬಸ್ಸು ಒಮ್ಮೆ ಕೆಮ್ಮಿ, ಕರಿ ಹೊಗೆ ಉಗುಳಿ ನಿಂತುಬಿಟ್ಟಾಗ, ಈ ಸಲದ್ದು ನಟ್ಟಿಗೆ ಪಾನಾ ಹಿಡಿದು ತಿರುವಿದರೆ ಹೋಗುವ ಬ್ಯಾನಿಯಲ್ಲ ಅಂತ ಡ್ರೈವರ್ ನಜ್ಮಾಗೆ ತಿಳಿದುಹೋಯಿತು. ಕೆಳಗಿಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಎಂಜಿನ್ನಿನ ಹೊಟ್ಟೆಯಿಂದ ಎಣ್ಣೆ ರಸ್ತೆಗುಂಟ ಹರಿದು ಬರುತ್ತಿತ್ತು. ಒಳಗೆ ಬಸ್ಸಿನ ಒಡತಿ ಕಳಕವ್ವ ಕಪಾಟಿನಿಂದ ಜಾರಿ ಬಿದ್ದ ಸೀರೆಗಳನ್ನು ಎತ್ತಿ ಮಡಚುತ್ತಿದ್ದಳು. ಎಂಜಿನ್ ಹೋಯಿತು ಅಂತ ಹೇಳಿದರೆ ಆಕೆ ಮೊದಲು ವಿಚಾರಿಸಿದ್ದು ಎಂಜಿನ್ನನ್ನಲ್ಲ, ನಜ್ಮಾಳ ಕೈಕಾಲಿಗೆ ಏನೂ ಆಗಿಲ್ಲವಷ್ಟೇ ಅಂತ.

ಅದು ಮೊದಲು ಯಾವುದೋ ಸಾಲಿಯ ಮಕ್ಕಳನ್ನು ಹೊರುತ್ತಿದ್ದ ಸಣ್ಣ ಬಸ್ಸು. ಮಾರಾಟಕ್ಕೆ ಬಂದಾಗ ಕಳಕವ್ವ ಕೊಂಡು, ಸೀಟು ಕೀಳಿಸಿ, ಎರಡೂ ಕಡೆ ಕಟ್ಟಿಗೆಯ ಕಪಾಟು ಬಡಿಸಿ, ನಡುವೆ ಗಾದಿ ಹಾಸಿ ಅಂಗಡಿ ಮಾಡಿದ್ದಳು. ಗಂಡ ಚಂದ್ರಶೇಖರಪ್ಪ ಮಗ್ಗ ಬಿಟ್ಟು ಏಳುವ ಮನುಷ್ಯನಲ್ಲ. ಅವನು ನೇಯ್ದದ್ದು, ಓಣಿಯವರು ನೇಯ್ದದ್ದು ಎಲ್ಲ ಈ ಬಸ್ಸಿನಲ್ಲೇ ಊರೂರು ತಿರುಗುತ್ತಿತ್ತು. ನರಗುಂದದ ಸಂತಿ, ರೋಣದ ಸಂತಿ, ನಡುವೆ ಮುಶಿಗೇರಿ, ಶಿರೋಳ. ದೊಡ್ಡ ಅಂಗಡಿಯ ಗಲ್ಲೆಯ ಮುಂದೆ ನಿಂತು ಸೀರೆ ಕೇಳಲು ಮೈ ಹಿಡಿಮಾಡಿಕೊಳ್ಳುವ ಹೆಂಗಸರು ಇಲ್ಲಿ ಚಪ್ಪಲಿ ಬಿಟ್ಟು ಹತ್ತಿ, ಕಾಲು ಚಾಚಿ ಕೂತು, ಕೊಳ್ಳಲಿ ಬಿಡಲಿ, ಸೆರಗು ಹೊದ್ದು ನೋಡಿ ಹೋಗುತ್ತಿದ್ದರು.

ನಜ್ಮಾ ಲಾರಿ ಡ್ರೈವರನ ಮಗಳು. ಅಪ್ಪನ ಪಕ್ಕ ಕೂತು ಗಾಡಿ ಕಲಿತವಳು. ಲೈಸೆನ್ಸು ಹಿಡಿದು ಕೆಲಸ ಕೇಳಿದಲ್ಲೆಲ್ಲ ಮಾಲೀಕರು ಚಹಾ ಕುಡಿಸಿ ಮರ್ಯಾದೆಯಿಂದಲೇ ಕಳಿಸಿದ್ದರು. ಕಳಕವ್ವ ಮಾತ್ರ, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಲು ಬಿಡುವುದಿಲ್ಲವಷ್ಟೇ ಅಂತ ಒಂದು ಮಾತು ಕೇಳಿ ಕೀಲಿ ಕೊಟ್ಟಿದ್ದಳು. ಅಂದಿನಿಂದ ಇಬ್ಬರದೂ ಒಂದೇ ಬುತ್ತಿ. ಕಳಕವ್ವನ ರೊಟ್ಟಿ, ನಜ್ಮಾಳ ತಾಯಿ ಸುಗರಾ ಮಾಡಿದ ಚಟ್ನಿ, ಯಾವುದಾದರೂ ಬೇವಿನ ನೆರಳು.

ಆ ಬಸ್ಸಿನ ಗೇರ್‌ಬಾಕ್ಸು ಮಹಾ ಹಟಮಾರಿ. ಮೂರನೇ ಗೇರಿಗೆ ಸವಕಳಿ ಬಂದು, ಎರಡು ಸಲ ಕ್ಲಚ್ ತುಳಿದು, ಎಂಜಿನ್ನಿನ ದನಿಗೆ ಕಿವಿಗೊಟ್ಟು, ಸರಿಯಾದ ಹೊತ್ತಿಗೆ ಸರಿಸಿದರಷ್ಟೇ ಬೀಳುತ್ತಿತ್ತು. ಒಮ್ಮೆ ಕಳಕವ್ವನ ಅಣ್ಣನ ಮಗ ಶಂಭುಲಿಂಗ ಓಡಿಸಲು ಕೂತು, ನರಗುಂದದ ಸಂತೆಗೆ ಸಂತೆಯೇ ತಿರುಗಿ ನೋಡುವಂತೆ ಕರಕರ ಅನ್ನಿಸಿದ್ದ. ನಜ್ಮಾಳ ಕೈಯಲ್ಲಿ ಅದು ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಸರಿಯುತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೂ ಆಕೆಗೆ ಅದರ ಹೆಮ್ಮೆ ಇತ್ತು.

ಬಸ್ಸನ್ನು ರೋಣಕ್ಕೆ, ಟಿಪ್ಪುಸಾಬನ ಗ್ಯಾರೇಜಿಗೆ ಎಳೆಸಿ ತಂದರು. ಆತ ಬಿಚ್ಚಿ ನೋಡಿ, ಈ ಎಂಜಿನ್ನಿಗೆ ರೊಕ್ಕ ಹಾಕುವುದು ಮರಳಿಗೆ ನೀರು ಹೊಯ್ದ ಹಾಗೆ ಅಂದ. ಮಗುಚಿ ಬಿದ್ದ ಲಾರಿಯೊಂದರ ಎಂಜಿನ್ನು ಅವನಲ್ಲಿ ಇತ್ತು. ಲಾರಿ ಜಜ್ಜಿಹೋಗಿದ್ದರೂ ಎಂಜಿನ್ನಿಗೆ ಏಟು ಬಿದ್ದಿರಲಿಲ್ಲ. ಕೂರಿಸಬಹುದು, ಆದರೆ ಒಂದು ವಿಚಾರ ಮಾಡಬೇಕು ಅಂತ ಗೋಣಿಚೀಲದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ.

ಹಳೇ ಎಂಜಿನ್ನು ಜೋರಾಗಿ ತಿರುಗಿದರಷ್ಟೇ ಶಕ್ತಿ ಕೊಡುವಂಥದ್ದು. ಈ ಹೊಸದು ನಿಧಾನ ತಿರುಗುತ್ತಲೇ ಜಗ್ಗುತ್ತದೆ. ಹೆಚ್ಚು ತಿರುಗಿಸಿದರೆ ಬರೀ ಡೀಸೆಲ್ ಕುಡಿದು ಒದರುತ್ತದೆ. ಹಳೇ ಗೇರ್‌ಬಾಕ್ಸು ಮತ್ತು ಹಿಂದಿನ ಅಚ್ಚಿನೊಳಗೆ ಗಾಲಿ ತಿರುಗಿಸುವ ಹಲ್ಲಿನ ಚಕ್ರ, ಆ ಹಳೇ ಕ್ರೌನ್, ಎರಡನ್ನೂ ಹಾಗೇ ಬಿಟ್ಟರೆ ಬಸ್ಸು ಎತ್ತಿನ ಬಂಡಿಗಿಂತ ತುಸು ಮುಂದೆ ಓಡೀತು, ಅಷ್ಟೇ. ಹಾಗಾಗಿ ಗೇರ್‌ಬಾಕ್ಸು ಹಳೇದೇ ಇಟ್ಟು, ಹಿಂದೆ ವೇಗ ಹೆಚ್ಚಿಸುವ ಓಟದ ಕ್ರೌನ್ ಹಾಕಬೇಕು. ಇದು ಹಗುರ ಕೆಲಸ. ಇಲ್ಲವೇ ಆ ಲಾರಿಯದೇ ಆರು ಗೇರಿನ ಬಾಕ್ಸನ್ನು ಎಂಜಿನ್ನಿನ ಜೋಡಿ ಹಾಕಿ, ಹಿಂದಿನದನ್ನು ಮುಟ್ಟದೆ ಬಿಡಬೇಕು. ಅದರ ಆರನೇ ಗೇರಿನಲ್ಲಿ ಎಂಜಿನ್ನು ಕಡಿಮೆ ತಿರುಗಿ, ಗಾಲಿ ಹೆಚ್ಚು ಓಡುತ್ತದೆ. ಆದರೆ ಆ ಬಾಕ್ಸು ಉದ್ದ. ಹಿಂದಿನ ಗಾಲಿಗೆ ಹೋಗುವ ಶಾಫ್ಟು ಕೊಯ್ದು ಗಿಡ್ಡ ಮಾಡಬೇಕು, ಕೂರಿಸುವ ಪಟ್ಟಿಗಳನ್ನೆಲ್ಲ ಹೊಸದಾಗಿ ಬೆಸೆಯಬೇಕು. ಟಿಪ್ಪುಸಾಬನ ಮನಸ್ಸು ಮೊದಲನೆಯದರ ಕಡೆಗೇ ವಾಲಿತ್ತು.

ಆಗ ಕಳಕವ್ವ ನಡುವೆ ಬಾಯಿ ಹಾಕಿದಳು. "ಸಾಬರ, ಗೇರ ಹಾಕೋದ ಇಲ್ಲದ್ದು ಸಿಗತೈತೇನ್ರಿ? ಯಾರ ಕುಂತ್ರೂ ನಡೀಬೇಕು, ಅಂಥಾದ್ದು."

ನಜ್ಮಾಳ ಎದೆಗೆ ಅದು ಮುಳ್ಳಿನಂತೆ ನಾಟಿತು. ಯಾರು ಕೂತರೂ ಅಂದರೆ ಯಾರು? ಶಂಭುಲಿಂಗ ಹೋದ ತಿಂಗಳಷ್ಟೇ ಕೆಲಸ ಕಳೆದುಕೊಂಡಿದ್ದ. ರಕ್ತಸಂಬಂಧ ಎಷ್ಟಾದರೂ ರಕ್ತಸಂಬಂಧ.

ಆಟೋಮ್ಯಾಟಿಕ್ ಕೆಟ್ಟರೆ ಬಿಚ್ಚಿ ನೋಡುವವರು ಈ ಸುತ್ತಿನಲ್ಲಿ ಯಾರೂ ಇಲ್ಲ, ತಾನೂ ಕೈ ಹಚ್ಚುವುದಿಲ್ಲ ಅಂತ ಟಿಪ್ಪುಸಾಬ ಆ ಮಾತನ್ನು ಅಲ್ಲೇ ಮುಗಿಸಿದ. ಹಾಗಾದರೆ ಆರು ಗೇರಿನದೇ ಕೈಗೆ ಹಗುರ ಬೀಳುತ್ತದಲ್ಲ ಅಂದಳು ಕಳಕವ್ವ. ನಜ್ಮಾ ತಟ್ಟನೆ ಅಡ್ಡ ಬಂದಳು. ಹಳೇ ಗೇರ್‌ಬಾಕ್ಸೇ ಇರಲಿ, ಅದರಂಥ ಗಟ್ಟಿ ಕಬ್ಬಿಣ ಈಗ ಸಿಗುವುದಿಲ್ಲ, ಶಾಫ್ಟು ಕೊಯ್ದರೆ ಗಾಡಿ ನಡುಗುತ್ತದೆ, ಆರು ಗೇರು ಯಾತಕ್ಕೆ, ನಾವೇನು ಪುಣೆಗೆ ಮಾಲು ಹೊಡೆಯುತ್ತೇವೆಯೇ. ಹೇಳುತ್ತ ಹೇಳುತ್ತ ತನ್ನ ದನಿ ಏರುತ್ತಿರುವುದು ಆಕೆಗೇ ಕೇಳಿಸಿತು. ಟಿಪ್ಪುಸಾಬ ಗಡ್ಡ ಕೆರೆಯುತ್ತ, "ಬೇಟಿ, ಮೂರನೇ ಗೇರ ಹಾಳಾಗೇತಂತ ನೀನ ವರ್ಷ ವರ್ಷ ನನ್ನ ಮುಂದ ಅಳತಿದ್ದಿ" ಅಂದ. ನಜ್ಮಾ ಎದ್ದು ಹೋಗಿ ಗ್ಯಾರೇಜಿನ ಹಿಂದೆ ಹತ್ತಿ ಹಿಂಜುವ ಹಳೇ ಅರಳಿ ಗಿರಣಿಯ ಬಯಲಿನಲ್ಲಿ ನಿಂತಳು.

ಊಟದ ಹೊತ್ತಿಗೆ ಕಳಕವ್ವ ಬುತ್ತಿ ಹಿಡಿದು ಅಲ್ಲಿಗೇ ಬಂದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ ಕೈಗಿಟ್ಟಳು. ನಜ್ಮಾ ಕೈಯಲ್ಲಿ ಹಿಡಿದಳೇ ವಿನಾ ಬಾಯಿಗೆ ಒಯ್ಯಲಿಲ್ಲ. ಕಡೆಗೆ ನೆಲ ನೋಡುತ್ತಲೇ ಕೇಳಿದಳು: "ನನ್ನ ಬಿಡಸಬೇಕಂತ ಮಾಡೀರೇನಕ್ಕಾ? ಶಂಭುಲಿಂಗನ್ನ ಕುಂಡ್ರಸೋದಿದ್ರ ಹೇಳಿಬಿಡ್ರಿ."

ಕಳಕವ್ವನಿಗೆ ಈ ಮಾತು ಎಲ್ಲಿಂದ ಬಂತೆಂಬುದೇ ಕ್ಷಣ ಹೊತ್ತು ತಿಳಿಯಲಿಲ್ಲ. ತಿಳಿದ ಮೇಲೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಕಣ್ಣು ತುಂಬಿತು.

"ಶಿರೋಳದಿಂದ ಬರೂಮುಂದ ನಿನಗ ಜ್ವರ ಬಂದಿತ್ತು, ನೆನಪೈತಿಲ್ಲ? ಮೈ ಕೆಂಡ ಆಗಿತ್ತು. ಅಂಥಾದ್ರಾಗ ನೀನ ಹೊಡಕೊಂಡ ಬಂದಿ. ನಾ ಬಾಜೂಕ ಕುಂತು ಒದ್ದಿ ಸೆರಗ ನಿನ್ನ ಹಣಿಗೆ ಒತ್ತೋದ ಬಿಟ್ರ ಮತ್ತೇನೂ ಬರಲಾರದಾಕಿ. ಅವತ್ತ ಅಂದುಕೊಂಡ್ನಿ, ಈ ಗಾಡಿ ನಾನೂ ಕಲೀಬೇಕು. ಮತ್ತೊಮ್ಮೆ ಹಂಗಾದ್ರ ನೀ ಹಿಂದ ಗಾದಿ ಮ್ಯಾಲ ಮಕ್ಕೊಂಡಿರಬೇಕು, ನಾ ಮನಿ ಮುಟ್ಟಸಬೇಕು."

ನಜ್ಮಾಗೆ ಆ ದಾರಿ ಸರಿಯಾಗಿ ನೆನಪಿರಲಿಲ್ಲ. ಹಣೆಯ ಮೇಲಿನ ತಂಪು ಮಾತ್ರ ನೆನಪಿತ್ತು. ಅದು ಕಿಟಕಿಯ ಗಾಳಿ ಅಂತಲೇ ಆಕೆ ಇಷ್ಟು ದಿನ ತಿಳಿದುಕೊಂಡಿದ್ದಳು.

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ನಗತಿದ್ದಿ. ಐವತ್ತರ ಮ್ಯಾಲಿನ ಮುದುಕಿ ಬಸ್ಸ ಕಲಿಯಾಕ ಹೊಂಟಾಳ ಅಂತ. ಆ ಮೂರನೇ ಗೇರು ನನ್ನ ಕೈಗೆ ಈ ಜನ್ಮದಾಗ ಬಗ್ಗೂದಲ್ಲ. ಅದಕ್ಕ ಹಗುರಂದು ಕೇಳಿದ್ನಿ."

ನಜ್ಮಾ ನಿಜವಾಗಿಯೂ ನಕ್ಕಳು, ಆದರೆ ಬೇರೆ ಥರ. ರೊಟ್ಟಿ ಮುಗಿಸಿ, ಸೆರಗಿಗೇ ಕೈ ಒರೆಸಿಕೊಂಡು ಸೀದಾ ಟಿಪ್ಪುಸಾಬನ ಹತ್ತಿರ ಹೋದಳು.

ಈಗ ಆಕೆಯ ವಾದದಲ್ಲಿ ಹುರುಳಿತ್ತು. ಓಟದ ಕ್ರೌನ್ ಹಾಕಿದರೆ ಆರನೇ ಗೇರು ಬೇಕಿಲ್ಲ ನಿಜ, ಆದರೆ ಮೊದಲನೇ ಗೇರಿನ ಬಲವೂ ಹೋಗುತ್ತದಲ್ಲ. ಮುಶಿಗೇರಿಯ ಎರಿ ಮಣ್ಣಿನಲ್ಲಿ ಗಾಲಿ ಹುಗಿದಾಗ, ಗಜೇಂದ್ರಗಡದ ಏರಿನಲ್ಲಿ ಮುಂದಿನ ಟ್ರ್ಯಾಕ್ಟರು ನಿಂತುಬಿಟ್ಟಾಗ, ಮಾಲು ತುಂಬಿದ ಬಸ್ಸು ಎತ್ತಲು ಅರ್ಧ ಕ್ಲಚ್ಚಿನಲ್ಲೇ ಹಿಡಿಯಬೇಕು. ಕಲಿಯುವವರ ಕಾಲಿಗೆ ಸಿಕ್ಕರೆ ಕ್ಲಚ್ ಪ್ಲೇಟು ಸುಟ್ಟೇ ಹೋದೀತು. ಹಿಂದಿನ ಕ್ರೌನ್ ಹಳೇದೇ ಇರಲಿ, ಏರಿಗೆ ಅದು ಬೇಕು. ಮುಂದೆ ಆರು ಗೇರಿನ ಬಾಕ್ಸು ಕೂಡಲಿ, ನರಗುಂದದ ಸಪಾಟ ರಸ್ತೆಗೆ ಅದು ಬೇಕು. ಶಾಫ್ಟು ಕೊಯ್ಯಿರಿ, ಆದರೆ ತೂಗಿ ಸಮ ಮಾಡಿಸಿ ಹಾಕಿರಿ, ನಡುಗಬಾರದು. ಕ್ಲಚ್ಚೂ ಹಗುರ ಇರಬೇಕು.

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅನ್ನುವ ಹುಡುಗಿಯನ್ನು ಟಿಪ್ಪುಸಾಬ ಹುಬ್ಬೇರಿಸಿ ನೋಡಿದ. ಕೆಲಸ ಹೆಚ್ಚಾಗುತ್ತದೆ ಅಂತ ಗೊಣಗಿದ. ಆಮೇಲೆ, ಏರಿನ ಲೆಕ್ಕ ನೀನು ಹೇಳಿದ್ದು ಖರೇ ಅಂತ ಒಪ್ಪಿ, ಕಳಕವ್ವನ ಮುಖ ನೋಡಿದ. ಆಕೆ, ಡ್ರೈವರ್ ಹೇಳಿದ ಹಾಗೆ ಆಗಲಿ ಅಂದಳು.

ಹಳೇ ಗೇರ್‌ಬಾಕ್ಸನ್ನು ಇಳಿಸಿದ ದಿನ ನಜ್ಮಾ ಅದನ್ನು ಚಿಂದಿಯಿಂದ ಒರೆಸಿ ಗೋಡೆಗೆ ಆನಿಸಿಟ್ಟಳು. ಬೇಸರವಾಗಲಿಲ್ಲ ಅಂದರೆ ಸುಳ್ಳಾದೀತು. ಅಪ್ಪನಿಂದ ಕಲಿತದ್ದೆಲ್ಲ ಅದರ ಮೇಲೇ ಪಳಗಿತ್ತು.

ಹೊಸ ಎಂಜಿನ್ನು ಕೂತ ಮೇಲೆ ಮೊದಲು ಏರಿಗೇ ಒಯ್ದರು, ಮಾಲು ತುಂಬಿಕೊಂಡೇ. ಟಿಪ್ಪುಸಾಬ ಬಾಗಿಲಲ್ಲಿ ಕೂತು ಕಿವಿ ಕೆಳಗಿಟ್ಟಿದ್ದ. ನಡು ಏರಿನಲ್ಲಿ ಬೇಕಂತಲೇ ನಿಲ್ಲಿಸಿ, ಮೊದಲನೇ ಗೇರಿನಲ್ಲಿ ಎತ್ತಿದರೆ, ಬಸ್ಸು ಬಸುರಿ ಹೆಂಗಸು ಎದ್ದ ಹಾಗೆ ನಿಧಾನ, ಭದ್ರ ಎದ್ದು ಹೊರಟಿತು. ಮರುದಿನ ನರಗುಂದದ ದಾರಿಯಲ್ಲಿ ಆರನೇ ಗೇರಿಗೆ ಹಾಕಿದಾಗ ಎಂಜಿನ್ನಿನ ಗದ್ದಲ ಇಳಿದು, ಕಿಟಕಿಯ ಗಾಜು ಗದಗುಡುವುದೂ ನಿಂತು, ಎಷ್ಟೋ ವರ್ಷಕ್ಕೆ ಇಬ್ಬರೂ ಚೀರದೆ ಮಾತಾಡಿದರು. ಮಾತಾಡಲು ಅಷ್ಟು ಇತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಕಳಕವ್ವ ಕಲಿತದ್ದು ಗಿರಣಿಯ ಬಯಲಿನಲ್ಲಿ. ಮೊದಮೊದಲು ಬಸ್ಸು ಕಪ್ಪೆಯಂತೆ ಜಿಗಿದು ಜಿಗಿದು ನಿಂತಿತು. ಮಗ್ಗದ ಕಾಲುಮಣೆ ತುಳಿಯುವವಳಿಗೆ ಇದೆಷ್ಟರದು ಅಂತ ಚಂದ್ರಶೇಖರಪ್ಪ ಮನೆಯಿಂದಲೇ ಬುದ್ಧಿ ಹೇಳಿ ಬೈಸಿಕೊಂಡ. ನಜ್ಮಾ ಒಮ್ಮೆಯೂ ದನಿ ಎತ್ತಲಿಲ್ಲ. ಪಕ್ಕ ಕೂತು, ಕಳಕವ್ವನ ಕೈಯ ಮೇಲೆ ಕೈ ಇಟ್ಟು ಗೇರು ಸರಿಸಿ ತೋರಿಸಿದಳು. ಕಲಿಯುವವರ ಲೈಸೆನ್ಸು ಬಂದ ಮೇಲೆ ಗಾಜಿಗೆ ಕೆಂಪು ಎಲ್ ಅಕ್ಷರ ಅಂಟಿಸಿಕೊಂಡು ರಸ್ತೆಗಿಳಿದರು.

ಮುಶಿಗೇರಿಯ ಅಗಸಿ ಬಾಗಿಲಲ್ಲಿ ಆವತ್ತು ಹೆಂಗಸರು ಸೀರಿ ಬಸ್ಸಿಗೆ ಕಾಯುತ್ತ ನಿಂತಿದ್ದರು. ಮದುವೆಯ ಜವಳಿ ಬೇಕಾಗಿತ್ತು. ದೂರದಲ್ಲಿ ಬಸ್ಸು ಕಂಡಿತು, ಹತ್ತಿರ ಬಂತು, ಗಾಜಿನ ಹಿಂದೆ ಸ್ಟೀರಿಂಗ್ ಅವುಚಿ ಹಿಡಿದ ಕಳಕವ್ವ ಕಂಡಳು. ಅವರು ಕೈ ಎತ್ತಿದರು. ಬಸ್ಸು ಅವರ ಮುಂದೆಯೇ ಹಾದು, ಹನಮಪ್ಪನ ಗುಡಿ ದಾಟಿ, ಊರ ಇನ್ನೊಂದು ತುದಿಯಲ್ಲಿ ಹೋಗಿ ನಿಂತಿತು.

"ಬ್ರೇಕ್ ಎಲ್ಲಿ ಅಂಬೂದ ಮರತ್ನಿ" ಅಂದಳು ಕಳಕವ್ವ, ಬೆವರು ಒರೆಸಿಕೊಳ್ಳುತ್ತ.

"ಇರಲಿ ಬಿಡ್ರಕ್ಕಾ. ರಿವರ್ಸ್ ಹ್ಯಾಂಗ ಬೀಳತೈತಿ, ಈಗ ಅದನ್ನ ಕಲಿಯೋಣು" ಅಂದಳು ನಜ್ಮಾ. ಹಿಂದಿನ ಕನ್ನಡಿಯಲ್ಲಿ ಹೆಂಗಸರು ನಿರಿಗೆ ಎತ್ತಿ ಹಿಡಿದು, ನಗುತ್ತ, ಬಸ್ಸಿನ ಕಡೆ ಓಡಿ ಬರುತ್ತಿದ್ದರು.