ಗೆದ್ದಲು ತಿನ್ನದ ಇಪ್ಪತ್ತೆಂಟು ವರ್ಷ

ಚಿನಕುರಳಿ ಬಾಯಿ ತೆರೆದರೆ ಮುಚ್ಚಿಸಲು ನಾಲ್ಕು ಜನ ಬೇಕು ಎಂದು ಅವಳ ಅಜ್ಜಿಯೇ ಹೇಳುತ್ತಿದ್ದರು. ಅಂಥವಳಿಗೆ ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ವಾರ್ಡನ್, "ನಮ್ಮ ಆಂಗ್ಲಿಕನ್ ಚರ್ಚ್ ಸಭೆಗೆ ನೂರೈವತ್ತು ವರ್ಷ ತುಂಬ್ತಾ ಇದೆ, ಚರಿತ್ರೆ ಪುಸ್ತಕ ನೀನೇ ಬರಿ" ಎಂದಿದ್ದೇ ತಡ, ಹುಡುಗಿ ಊಟ ನಿದ್ದೆ ಮರೆತಳು. ಅಡಿಪಾಯದ ಕಲ್ಲನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಓದಿದಳು, ಗೋಪುರ ಹತ್ತಿ ಗಂಟೆಯ ಸುತ್ತಳತೆ ತೆಗೆದಳು, ಪಾರಿವಾಳದ ಹಿಕ್ಕೆ ಮೆತ್ತಿಕೊಂಡ ತಲೆಯಲ್ಲೇ ಕೆಳಗಿಳಿದಳು.

ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ಸಭೆಯ ಐವತ್ತನೇ ವರ್ಷದವರೆಗೆ. ಅಲ್ಲಿಂದ ಎಪ್ಪತ್ತೆಂಟನೇ ವರ್ಷದವರೆಗಿನ ನಡಾವಳಿ ಪುಸ್ತಕಗಳೇ ಇರಲಿಲ್ಲ. ಪ್ರತಿ ಭಾನುವಾರ ಏನಾಯಿತು ಎಂದು ಪಾದ್ರಿಗಳು ಕೈಯಾರೆ ಬರೆದಿಡುತ್ತಿದ್ದ ಐದು ದಪ್ಪ ಪುಸ್ತಕ, ಇಪ್ಪತ್ತೆಂಟು ವರ್ಷ, ಮಂಗಮಾಯ!

"ಗೆದ್ದಲು ತಿಂತು ಕಣಮ್ಮ" ಎಂದರು ವಾರ್ಡನ್. "ನಮ್ಮಪ್ಪ ವಾರ್ಡನ್ ಆಗಿದ್ದ ಕಾಲದ ಮಾತು. ಆವತ್ತಿಂದ ವರ್ಷಕ್ಕೊಂದ್ಸಲ ಪುಸ್ತಕದ ಬೀರುಗೆ ಔಷಧಿ ಹೊಡೀತಾ ಇದೀವಿ."

"ಗೆದ್ದಲನ್ನ ನೋಡಿದೋರು ಯಾರು ಅಂಕಲ್?"

"ಔಷಧಿ ಹೊಡೆದ್ಮೇಲೆ ಅದೆಲ್ಲಿ ಕಾಣ್ಸುತ್ತೆ? ಗುರುವಾರ ಪ್ರೆಸ್ಸಿಗೆ ಹೋಗ್ಬೇಕು, ಭಾನುವಾರ ಬಿಷಪ್ ಬರ್ತಾರೆ. ಆ ಜಾಗದಲ್ಲಿ 'ಗೆದ್ದಲು ತಿಂದಿದೆ' ಅಂತ ಒಂದು ಸಾಲು ಹಾಕಿ ಮುಗಿಸು."

ಇಪ್ಪತ್ತೆಂಟು ವರ್ಷಕ್ಕೆ ಒಂದು ಸಾಲು! ಚಿನಕುರಳಿಗೆ ಒಪ್ಪಿಗೆಯಾಗಲಿಲ್ಲ. ತನ್ನ ಹೆಸರು ಹೊತ್ತು ಬರುವ ಮೊದಲ ಪುಸ್ತಕದ ನಡುವೆ ಅಷ್ಟು ದೊಡ್ಡ ತೂತೇ?

ಮಂಗಳವಾರ ಮಧ್ಯಾಹ್ನ ಅವಳು ಖಾಲಿ ಚರ್ಚಿಗೆ ಹೋದದ್ದು ಬೇರೆ ಕೆಲಸಕ್ಕೆ. ಆ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಪಾದ್ರಿ "ಪ್ರಾರ್ಥಿಸೋಣ" ಎಂದ ಕೂಡಲೇ ಜನ ಬೆಂಚಿನ ಮುಂದಿನ ಪುಟ್ಟ ದಿಂಬುಗಳ ಮೇಲೆ ಮೊಣಕಾಲೂರುತ್ತಿದ್ದರು. ಆದರೆ ಪಾದ್ರಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ ಶುರು ಮಾಡುತ್ತಿದ್ದರು. ಯಾಕೆ ಎಂದು ಕೇಳಿದರೆ ವಾರ್ಡನ್ ಭಕ್ತಿ ಎಂದರು, ಆರ್ಗನ್ ನುಡಿಸುವ ಮಾಸ್ತರರು ಹಿಂದೊಬ್ಬ ಪಾದ್ರಿಗೆ ಉಬ್ಬಸವಿತ್ತು ಎಂದರು, ಈಗಿನ ಪಾದ್ರಿಗಳು "ಹಿಂದಿನ ಅಯ್ಯನವರು ಎಣಿಸಿ ಅಂದ್ರು, ಎಣಿಸ್ತೀನಿ" ಎಂದು ಕೈ ತೊಳೆದುಕೊಂಡರು.

ಅವಳು ತಾನೇ ಪರೀಕ್ಷೆ ಮಾಡಿದಳು. ಗಟ್ಟಿಯಾಗಿ "ಪ್ರಾರ್ಥಿಸೋಣ" ಎಂದಳು, ಎಡಗಡೆ ಮೂರನೇ ಸಾಲಿನ ದಿಂಬಿನ ಮೇಲೆ ಮೊಣಕಾಲೂರಿದಳು.

ಚರಪರ, ಚರಪರ!

ಪಕ್ಕದ ದಿಂಬಿಗೆ ಹೋದಳು. ಚರಪರ! ನೀಲಿ ಬಟ್ಟೆಯ ಮೇಲೆ ಬಿಳಿ ದಾರದ ಹೂ ಕಸೂತಿಯ ನಲವತ್ತು ದಿಂಬಿನ ಮೇಲೂ ಕಪ್ಪೆಯ ಹಾಗೆ ಕುಪ್ಪಳಿಸಿ ಬಂದಳು. ಒಂದೊಂದೂ ಸದ್ದು ಮಾಡಿತು. ನಲವತ್ತು ಜನ ಒಟ್ಟಿಗೆ ಊರಿದರೆ ಪಾದ್ರಿಯ ದನಿ ಯಾರಿಗೆ ಕೇಳೀತು? ಸದ್ದು ಅಡಗಲಿ ಎಂದು ಕಾದದ್ದೇ ಕಾಲಕ್ರಮೇಣ ಭಕ್ತಿಯಾಗಿಬಿಟ್ಟಿತ್ತು! ಒಳಗಿರುವುದು ಒಣಹುಲ್ಲು ಎಂದೇ ಎಲ್ಲರ ನಂಬಿಕೆ. ಆದರೆ ಕೊನೆಯ ದಿಂಬಿನ ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ಚಿನಕುರಳಿ ಬೆರಳು ತೂರಿಸಿ ಎಳೆದಾಗ ಬಂದದ್ದು ಹುಲ್ಲಲ್ಲ, ಮುದ್ದೆಯಾದ ಕಾಗದ. ಅದರ ಮೇಲೆ ಮುತ್ತಿನಂಥ ಅಕ್ಷರ: "ಇಂದು ಭಾರಿ ಮಳೆ. ಆರಾಧನೆಗೆ ಹನ್ನೊಂದು ಜನ, ಒಂದು ಮೇಕೆ. ಮೇಕೆ ಕೊನೆಯವರೆಗೂ ಕೂತಿತ್ತು."

ಅವಳು ಕಾಗದ ಹಿಡಿದು ಮನೆಗೆ ಓಡಿದಳು. ಆ ದಿಂಬುಗಳನ್ನು ಹೊಲಿದವರು ಯಾರು ಎಂದು ಇಡೀ ಸಭೆಗೆ ಗೊತ್ತಿತ್ತು.

ಮನೆಯಲ್ಲಿ ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕಾಗದ ನೋಡಿದ್ದೇ ದಾರ ಕೈಜಾರಿತು.

"ಬಾಗಿಲು ಹಾಕೇ."

"ಅಜ್ಜೀ, ಇದು ನಿಮ್ಮ ಕೆಲಸಾನಾ?"

"ಮೊದ್ಲು ಬಾಗಿಲು ಹಾಕು ಅಂದೆ!" ಅಜ್ಜಿ ದನಿ ಇಳಿಸಿದರು. "ಮದುವೆಯಾದ ಹೊಸತು, ಇಪ್ಪತ್ತು ವಯಸ್ಸು. ಆಗಿನ ಅಯ್ಯನವರು, ದಿಂಬಿಗೆ ತುಂಬೋಕೆ ಬೀರು ಕೆಳಗಿನ ಹಲಗೆಯ ರದ್ದಿ ತಗೋ ಅಂದ್ರು. ನಾನು ತಪ್ಪಿ ಮೇಲಿನ ಹಲಗೇದು ತಗೊಂಡೆ."

"ಓದಿ ನೋಡ್ಬಾರ್ದಿತ್ತಾ?"

"ಓದ್ತಾ ಕೂತ್ರೆ ನಲವತ್ತು ದಿಂಬು ಹೊಲಿಯೋರು ಯಾರು, ನಿಮ್ಮ ತಾತಾನಾ? ಅಕ್ಷರ ಚೆನ್ನಾಗಿತ್ತು, ಹರಿಯೋಕೆ ಮನಸ್ಸು ಬರ್ಲಿಲ್ಲ. ಬರೀ ಮುದ್ದೆ ಮಾಡ್ದೆ. ಆಮೇಲೆ ಅಯ್ಯನವರು ಮೂರು ವಾರ ಹುಡುಕಿದ್ರು ಕಣೇ. ನಂಗೆ ಜೀವ ಬಾಯಿಗೆ ಬಂದಿತ್ತು. ಯಾರೋ ಗೆದ್ದಲು ಅಂದ್ರು. ನಾನು ಹೂಂ ಅಂದೆ."

"ಐವತ್ತೆಂಟು ವರ್ಷದಿಂದ ಹೂಂ ಅಂತಾನೇ ಇದೀರಾ?"

"ಯಾರಿಗೂ ಹೇಳ್ಬೇಡ ಪುಟ್ಟಾ. ಈ ವಯಸ್ಸಲ್ಲಿ ಮಾನ ಕಳೀಬೇಡ. ಮಾತು ಕೊಡು."

ಚಿನಕುರಳಿ ಮಾತು ಕೊಟ್ಟಳು. ಕೊಟ್ಟ ಮರುಕ್ಷಣದಿಂದ ಅದು ಅವಳ ಗಂಟಲಲ್ಲಿ ಬಿಸಿ ತುತ್ತಿನ ಹಾಗೆ ಕೂತಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಬುಧವಾರ ಬೆಳಗ್ಗೆ ಸಭಾಂಗಣದಲ್ಲಿ ಪಾದ್ರಿಗಳು, ವಾರ್ಡನ್, ಹೊಲಿಗೆ ಸಂಘದ ಹೆಂಗಸರು, ಎಲ್ಲ ಸೇರಿದ್ದರು. ವಾರ್ಡನ್ ಕನ್ನಡಕ ಏರಿಸಿ ಕರಡು ತಿರುವಿದರು.

"ಗೆದ್ದಲಿನ ಸಾಲು ಎಲ್ಲಮ್ಮ?"

ಚಿನಕುರಳಿ ಬಾಯಿ ತೆರೆದಳು. ಮುಚ್ಚಿದಳು.

"ಬರೀತೀಯೋ ಇಲ್ವೋ?"

ಅವಳು ನೆಲ ನೋಡಿದಳು. ಆರ್ಗನ್ ಮಾಸ್ತರರು, "ಹುಡುಗಿಗೆ ಹುಷಾರಿಲ್ವೇನ್ರೀ? ಒಂದು ನಿಮಿಷ ಆಯ್ತು, ಮಾತೇ ಇಲ್ಲ!" ಎಂದು ಗಾಬರಿಯಾದರು. ಯಾರೋ ನೀರು ತಂದರು. ಪಾದ್ರಿಗಳು ಹಣೆ ಮುಟ್ಟಿ ನೋಡಿದರು.

ಹಿಂದಿನ ಕುರ್ಚಿಯಲ್ಲಿ ಅಜ್ಜಿ ಚಡಪಡಿಸಿದರು. ಮೊಮ್ಮಗಳು ತನಗಾಗಿ ಬಾಯಿಗೆ ಬೀಗ ಹಾಕಿಕೊಂಡು, ತುಟಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿರುವುದನ್ನು ಅವರಿಂದ ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು.

"ಅವಳನ್ನ ಬಿಡ್ರಪ್ಪ. ಆ ಗೆದ್ದಲು ನಾನೇ!"

ಅಜ್ಜಿ ಕೈಚೀಲದಿಂದ ಕತ್ತರಿ ತೆಗೆದು, ಬಿಟ್ಟ ಮೂಲೆ ಹೊಲಿಯಲೆಂದು ತಂದಿಟ್ಟುಕೊಂಡಿದ್ದ ದಿಂಬಿನ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ಮೇಜಿನ ಮೇಲೆ ಸುರಿದರು. ಚರಪರ ಎನ್ನುತ್ತ ಬಿದ್ದವು, ಕಳೆದುಹೋಗಿದ್ದ ಭಾನುವಾರಗಳು!

"ಐವತ್ತೆಂಟು ವರ್ಷದಿಂದ ಗೆದ್ದಲೇ ಇಲ್ಲದ ಬೀರುಗೆ ಔಷಧಿ ಹೊಡೆದ್ನಾ ನಾನು?" ವಾರ್ಡನ್ ಕೆಂಪಗಾದರು.

"ನೀನು ಮೂವತ್ತು ವರ್ಷ ಕಣಯ್ಯ. ಮಿಕ್ಕಿದ್ದು ನಿಮ್ಮಪ್ಪ" ಎಂದರು ಅಜ್ಜಿ.

ಮೊದಲು ನಕ್ಕವರು ಪಾದ್ರಿಗಳು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಹೊಲಿಗೆ ಸಂಘದ ಹೆಂಗಸರು ಮನೆಗೆ ಓಡಿ ಕತ್ತರಿ, ಇಸ್ತ್ರಿ ಪೆಟ್ಟಿಗೆ ತಂದರು. ಒಬ್ಬರು ಬಿಚ್ಚಿದರು, ಒಬ್ಬರು ಹದವಾದ ಬಿಸಿಯಲ್ಲಿ ಹಾಳೆ ತೀಡಿದರು, ಚಿನಕುರಳಿ ಬಾಯಲ್ಲಿ ಓದುತ್ತ ಕೈಯಲ್ಲಿ ಟೈಪ್ ಮಾಡಿದಳು. ಬಾಯಿಯ ಬೀಗ ಕಿತ್ತು ಎಲ್ಲೋ ಹಾರಿಹೋಗಿತ್ತು.

"ಇದು ಕೇಳಿ! 'ನನ್ನ ಉಪದೇಶದ ನಡುವೆ ವಾರ್ಡನ್ ಇಂದೂ ಗೊರಕೆ ಹೊಡೆದರು. ಗಂಟೆ ಬಾರಿಸಿ ಎಬ್ಬಿಸಲಾಯಿತು.' ಅಂಕಲ್, ಇವರು ನಿಮ್ಮ ತಾತ ಅಲ್ವಾ?"

"ಅದು ಪುಸ್ತಕದಲ್ಲಿ ಬರಕೂಡದು!"

"ನನ್ನ ಗೆದ್ದಲು ಬರಬಹುದು, ನಿಮ್ಮ ತಾತನ ಗೊರಕೆ ಬರಬಾರದಾ?" ಎಂದು ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. ವಾರ್ಡನ್‌ಗೂ ನಗು ಬಂತು.

ಸಂಜೆಯ ಹೊತ್ತಿಗೆ ಕೊನೆಯ ಪುಸ್ತಕದ ಹಾಳೆಯೊಂದು ಇಸ್ತ್ರಿಯಡಿಯಿಂದ ಬಂತು. "ದರ್ಜಿಯ ಮೂರನೇ ಮಗಳಿಗೆ ದೀಕ್ಷಾಸ್ನಾನ. ನೀರು ಬಿದ್ದೊಡನೆ ಮಗು ನನ್ನ ಕನ್ನಡಕ ಕಿತ್ತೆಸೆಯಿತು. ಇವಳಿಂದ ಈ ಸಭೆಗೆ ಇನ್ನೂ ಏನೇನು ಕಾದಿದೆಯೋ."

ಆ ದರ್ಜಿಯ ಮೂರನೇ ಮಗಳು, ಚಿನಕುರಳಿಯ ಅಜ್ಜಿ, ಸೆರಗಿನಿಂದ ಮುಖ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಗುರುವಾರ ಪುಸ್ತಕ ಪ್ರೆಸ್ಸಿಗೆ ಹೋಯಿತು, ಮೇಕೆ, ಗೊರಕೆ, ಕನ್ನಡಕ ಸಮೇತ. ಶನಿವಾರದೊಳಗೆ ದಿಂಬುಗಳಿಗೆಲ್ಲ ಹೊಸ ಹತ್ತಿ ತುಂಬಿದ್ದೂ ಆಯಿತು.

ಭಾನುವಾರ ಚರ್ಚ್ ಕಿಕ್ಕಿರಿದಿತ್ತು. ಬಿಷಪ್ ಮುಂದೆ ಕೂತಿದ್ದರು. ಪಾದ್ರಿಗಳು "ಪ್ರಾರ್ಥಿಸೋಣ" ಎಂದರು. ಜನ ಮೊಣಕಾಲೂರಿದರು. ಸದ್ದೇ ಇಲ್ಲ. ಆದರೂ ಪಾದ್ರಿಗಳು ಅಭ್ಯಾಸಬಲದಿಂದ ಎಣಿಸುತ್ತ ನಿಂತರು. ಒಂದು, ಎರಡು, ಮೂರು. ಪಾದ್ರಿಗೆ ಮಾತು ಮರೆತುಹೋಯಿತೇ ಎಂದು ಬಿಷಪ್ ತಲೆಯೆತ್ತಿದರು.

ಆಗ ಎಡಗಡೆ ಮೂರನೇ ಸಾಲಿನಿಂದ ಕೇಳಿಸಿತು: ಚರಪರ, ಚರಪರ.

ಚಿನಕುರಳಿ ಗಕ್ಕನೆ ಪಕ್ಕಕ್ಕೆ ತಿರುಗಿದಳು. "ಅಜ್ಜೀ! ಒಂದು ಬಚ್ಚಿಟ್ರಾ?"

"ಶ್! ಇದರಲ್ಲಿರೋದು ಬರೀ ಹಳೇ ಪೇಪರ್ರು, ಈ ಸಲ ಓದಿ ನೋಡೇ ತುಂಬಿದೀನಿ" ಎಂದು ಅಜ್ಜಿ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದರು. "ಆ ಸದ್ದು ಇಲ್ದೆ ನಂಗೆ ಪ್ರಾರ್ಥನೆ ಹತ್ತಲ್ಲ ಕಣೇ."