ತಪ್ಪಿಲ್ಲದ ಮೀನಿನ ತುಂಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಮೂಗು ಯಾರದು ಎಂದು ನಾನು ತಿರುಗಿ ಕೇಳುತ್ತಿದ್ದೆ. ಅವರ ಮೂಗು, ಅವರ ಕಸುಬು ಎರಡೂ ನನಗೇ ಬಂದಿವೆ. ಕಸುಬು ಎಂದರೆ ಸುಳ್ಳು ಊಟ ತಯಾರಿಸುವುದು. ಹೋಟೆಲುಗಳ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಟ್ಟೆ ತಟ್ಟೆಯಾಗಿ ಇಟ್ಟಿರುತ್ತಾರಲ್ಲ, ಹಳಸದ, ಒಣಗದ, ನೊಣ ಕೂರದ ಊಟ, ಅದು. ಮೇಣದಲ್ಲಿ ಎರಕ ಹೊಯ್ದು, ಬಣ್ಣ ಹಚ್ಚಿ, ಮೇಲೆ ರಾಳದ ಹೊಳಪು ಕೊಡುತ್ತೇವೆ. ನೋಡಿದವರ ಬಾಯಲ್ಲಿ ನೀರೂರಿದರೆ ನಮ್ಮ ಹೊಟ್ಟೆ ತುಂಬುತ್ತದೆ.

ಈ ಕಸುಬಿಗೆ ಅಪ್ಪ ಎರಡೇ ನಿಯಮ ಹೇಳಿಕೊಟ್ಟಿದ್ದರು. ಮೊದಲನೆಯದು, ನಿಜವಾದದ್ದನ್ನು ನಮ್ಮ ಒಲೆಯ ಮೇಲೆ ಬೇಯಿಸಿ ತಿನ್ನದೆ ಅದರ ನಕಲು ಮಾಡಬಾರದು. ಎರಡನೆಯದು, ಪ್ರತಿ ನಕಲಿನಲ್ಲೂ ಒಂದು ತಪ್ಪು ಬಿಡಬೇಕು. ಗಿರಾಕಿಯ ಕಣ್ಣಿಗೆ ಬೀಳದಂಥ ಸಣ್ಣ ತಪ್ಪು. ಅನ್ನದ ತಟ್ಟೆಯಲ್ಲಿ ಒಂದು ಅಗುಳು ಸುಮ್ಮನೆ ನೆಟ್ಟಗೆ ನಿಂತಿರಬೇಕು, ಹೆಚ್ಚಿದ ಟೊಮೆಟೊದಲ್ಲಿ ಒಂದು ಬೀಜ ತಿರುಗಿ ಕೂತಿರಬೇಕು. ಯಾಕೆ ಎಂದು ಚಿಕ್ಕಂದಿನಲ್ಲೇ ಕೇಳಿದ್ದೆ.

"ಹಸಿವಿಗೆ ರುಚಿ ಗೊತ್ತಿಲ್ಲ ಕಣಮ್ಮ. ಮೇಣವೋ ಮೀನೋ ಅಂತ ಕೇಳಲ್ಲ," ಎಂದಿದ್ದರು. "ತಪ್ಪಿಲ್ಲದ ತಟ್ಟೆ ಇಟ್ರೆ ಹಸಿದುಕೊಂಡೇ ಸತ್ತವರು ಬಂದು ಕೂತ್ಕೋತಾರೆ. ಅವರೆಲ್ಲ ನಮ್ಮೋರಾಗಿರಲ್ಲ."

ನಾನು ನಕ್ಕಿದ್ದೆ. ಆದರೂ ಇಪ್ಪತ್ತೆರಡು ವರ್ಷ ಒಂದು ತಟ್ಟೆಯಲ್ಲೂ ತಪ್ಪು ಬಿಡುವುದನ್ನು ಮರೆತವಳಲ್ಲ.

ಅಪ್ಪ ಹಸಿದುಕೊಂಡೇ ಸತ್ತರು. ಗಂಟಲಿನ ಕಾಯಿಲೆ. ಕೊನೆಯ ನಾಲ್ಕು ತಿಂಗಳು ಮೂಗಿನ ನಳಿಗೆಯಲ್ಲಿ ಗಂಜಿಯಂಥ ಬಿಳಿ ದ್ರವ ಹೋಗುತ್ತಿತ್ತು, ಬಾಯಿಗೆ ಒಂದು ಹನಿ ನೀರೂ ಇಲ್ಲ. ನುಂಗಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಹಸಿವು ಮಾತ್ರ ಅವರಿಗೆ ಮೊದಲಿನಂತೆಯೇ ಇತ್ತು, ಮೂಗೂ ಚುರುಕಾಗಿಯೇ ಇತ್ತು. ಒಂದು ಮಧ್ಯಾಹ್ನ ನಾನು ಮನೆಮಟ್ಟಿಗೆ ಸಾಲ್ಮನ್ ಮೀನು ಮಾಡುತ್ತಿದ್ದೆ, ಅವರಿಗೆ ತುಂಬ ಇಷ್ಟವಾದ ಸಿಹಿಖಾರದ ಪಾಕ ಸವರಿ. ಒಳಗಿನಿಂದ ಮಂಚ ತಟ್ಟಿದರು. ಹೋದೆ. ಗಾಳಿಯಂಥ ದನಿಯಲ್ಲಿ, "ಒಂದು ತುತ್ತು," ಎಂದರು.

"ಮಗು ಥರ ಹಠ ಮಾಡ್ಬೇಡಿ ಅಪ್ಪ," ಎಂದೆ. ಹಾಗೆಯೇ ಎಂದೆ, ಗದರಿಸಿಯೇ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆರು ದಿನಕ್ಕೆ ಹೋದರು. ನಳಿಗೆ ತೆಗೆಯಲು ಬಂದ ನರ್ಸ್, ಹೇಗೂ ಉಳಿಯುವವರಲ್ಲ, ಕೇಳಿದ್ದನ್ನು ನಾಲಿಗೆಗಾದರೂ ಮುಟ್ಟಿಸಬಹುದಿತ್ತು ಎಂದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆ ನರ್ಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಆಕೆ ಹೇಳಿದ್ದು ನಿಜವಾದ್ದರಿಂದ.

ಮೂರು ತಿಂಗಳು ಕಳೆದ ಮೇಲೆ ರೈಲು ನಿಲ್ದಾಣದ ಎದುರು ಹೊಸ ಹೋಟೆಲು ಇಟ್ಟ ಹೆಂಗಸೊಬ್ಬಳು ಬಂದು, ಗಾಜಿನ ಪೆಟ್ಟಿಗೆಗೆ ಒಂದು ತಟ್ಟೆ ಬೇಕು ಎಂದಳು. ಯಾವುದು ಎಂದೆ. ಸಾಲ್ಮನ್, ಸಿಹಿಖಾರದ ಪಾಕ ಸವರಿದ್ದು ಎಂದಳು. ಬೇರೆ ಯಾವುದನ್ನು ಕೇಳಿದ್ದರೂ ಈ ಕಥೆ ಇರುತ್ತಿರಲಿಲ್ಲ.

ನಿಯಮದಂತೆ ಮೊದಲು ನಿಜವಾದದ್ದನ್ನು ಬೇಯಿಸಿದೆ. ತುಂಡಿನ ತೇವವನ್ನು ಬಟ್ಟೆಯಿಂದ ಒತ್ತಿ ತೆಗೆದು, ಉಪ್ಪು ಹಚ್ಚಿ, ಕಾದ ಬಾಣಲೆಯಲ್ಲಿ ಚರ್ಮ ಕೆಳಗೆ ಮಾಡಿ ಇಟ್ಟು ಮೇಲಿನಿಂದ ಒತ್ತಿ ಹಿಡಿದೆ. ಹಿಡಿಯದಿದ್ದರೆ ಚರ್ಮ ಮುದುರಿಕೊಳ್ಳುತ್ತದೆ. ಪಕ್ಕದ ಒಲೆಯಲ್ಲಿ ಜೇನುತುಪ್ಪ, ಸೋಯಾ ಸಾಸ್, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಒಣಮೆಣಸಿನಕಾಯಿ, ಕೊನೆಗೆ ನಿಂಬೆರಸ. ಚಮಚದಲ್ಲಿ ಗೆರೆ ಎಳೆದರೆ ಗೆರೆ ಒಂದು ಕ್ಷಣ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು, ಪಾಕ ಆಯಿತೆಂದು ಅರ್ಥ. ಮೀನನ್ನು ತಿರುವಿ ಅದರ ಮೇಲೆ ಪಾಕ ಹೊಯ್ಯುತ್ತ ನಿಂತೆ. ಪದರಗಳ ನಡುವೆ ಬಿಳಿಯ ಜಿನುಗು ಕಾಣಿಸಿಕೊಂಡಿತು, ಅಂಚು ಕಪ್ಪಗಾಯಿತು, ಮಧ್ಯ ಕೆಂಪಗೆ ಹೊಳೆಯಿತು. ಅಪ್ಪ ಇದ್ದಿದ್ದರೆ ಮಂಚ ತಟ್ಟುತ್ತಿದ್ದರು.

ಆಗಲೇ ನಾನು ತೀರ್ಮಾನ ಮಾಡಿದ್ದು. ಮರೆತೋ ಕೈತಪ್ಪಿಯೋ ಆಗಿದ್ದಲ್ಲ, ಬೇಕೆಂದೇ ಮಾಡಿದ್ದು. ತಪ್ಪಿಲ್ಲದ ತಟ್ಟೆ ಇಟ್ಟರೆ ಹಸಿದವರು ಬರುತ್ತಾರೆ ಎಂದರೆ ನಮ್ಮಪ್ಪನೂ ಬರಬೇಕಲ್ಲ. ಒಂದು ತುತ್ತು ನಾನು ಅವರಿಗೆ ಬಾಕಿ ಇದ್ದೆ.

ಅಚ್ಚು ತೆಗೆದು, ಎರಕ ಹೊಯ್ದು, ಒಂಬತ್ತು ದಿನ ಕೆಲಸ ಮಾಡಿದೆ. ಕೊಬ್ಬಿನ ಗೆರೆಗಳನ್ನು ಮೂರೆಳೆ ಕೂದಲಿನ ಕುಂಚದಲ್ಲಿ ಎಳೆದೆ. ಪಾಕದ ರಾಳವನ್ನು ಒಂದೊಂದು ದಿನ ಒಣಗಿಸಿ ಮೂರು ಪದರ ಕೊಟ್ಟೆ. ಮೇಲೆ ಬಿಳಿ ಎಳ್ಳು ಉದುರಿಸಿದೆ. ಅದರ ನಡುವೆ ಒಂದು ಕರಿ ಎಳ್ಳು ಇಟ್ಟರೆ ಅದೇ ತಪ್ಪು, ತಟ್ಟೆ ಮುಗಿಯಿತು. ಆ ಕರಿ ಎಳ್ಳನ್ನು ಬಟ್ಟಲಿನಲ್ಲೇ ಬಿಟ್ಟೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಮ್ಮ ಕೆಲಸದ ಮೇಜಿದೆ. ತಟ್ಟೆಯನ್ನು ಅಲ್ಲಿಟ್ಟು, ಪಕ್ಕದಲ್ಲಿ ಅಪ್ಪನ ಸ್ಟೀಲ್ ಲೋಟದಲ್ಲಿ ನೀರು ಇಟ್ಟೆ.

ನನ್ನ ಗಂಡ ಬಸ್ ಚಾಲಕ. ಉಂಡಿದ್ದನ್ನು ಅರಗಿಸಿಕೊಂಡು, ದಿಂಬಿಗೆ ತಲೆ ಕೊಟ್ಟರೆ ಗೊರಕೆ ಹೊಡೆಯುವ ಮನುಷ್ಯ, ಇಂಥವರಿಗೆ ದೆವ್ವ ಕಾಣುವುದಿಲ್ಲ. ಅವರು ಮೇಜಿನ ಹತ್ತಿರ ಬಂದು ತುಂಡಿಗೆ ಬೆರಳು ಹಾಕಲು ಹೋಗಿ, ಗೊತ್ತಾಗಿ ನಕ್ಕು, ತಪ್ಪು ಎಲ್ಲಿ ಬಿಟ್ಟಿದ್ದೀಯ ಎಂದು ಕೇಳಿದರು. ತಳದಲ್ಲಿದೆ ಎಂದು ಸುಳ್ಳು ಹೇಳಿದೆ.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಕೋಣೆಗೆ ಹೋದರೆ ಬಿಸಿ ಪಾಕದ ವಾಸನೆ. ರಾಳಕ್ಕೆ ಆ ವಾಸನೆ ಎಲ್ಲಿಂದ ಬರಬೇಕು? ಮೇಜಿನ ಒಂದು ಕುರ್ಚಿ ಹಿಂದಕ್ಕೆ ಸರಿದಿತ್ತು. ನನ್ನ ಎದೆ ಹಾರಿತು, ಸಂತೋಷಕ್ಕೆ. ಅಪ್ಪ, ಎಂದೆ. ಆಮೇಲೆ ಲೋಟ ನೋಡಿದೆ. ನೀರು ಹಾಗೆಯೇ ಇತ್ತು. ನಾಲ್ಕು ತಿಂಗಳು ಒಂದು ಹನಿಗೆ ಹಾತೊರೆದವರು ಮೊದಲು ಕೈ ಹಾಕುವುದು ಲೋಟಕ್ಕಲ್ಲವೇ? ಬಂದು ಕೂತಿದ್ದವರು ಬೇರೆ ಯಾರೋ.

ಅವತ್ತು ಸಂಜೆ ಊಟಕ್ಕೆ ಕೂತಾಗ ಗಂಡ, ಸಾರಿಗೆ ಉಪ್ಪು ಹಾಕಿಲ್ಲವೇ ಎಂದರು. ಹಾಕಿದ್ದೆ. ನಾನೂ ಬಾಯಿಗಿಟ್ಟೆ. ಉಪ್ಪಿಲ್ಲ, ಖಾರವಿಲ್ಲ, ಹುಳಿಯಿಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ. ಮೇಣ ಅಗಿದ ಹಾಗೆ. ಮರುದಿನ ಮತ್ತೆ ಮಾಡಿದೆ, ಅದೂ ಹಾಗೆಯೇ. ಗಂಡ ಮೂರು ಪಟ್ಟು ಉಂಡು, ಇನ್ನೂ ಹಸಿವು ಎಂದರು. ಮೇಜಿನ ಸುತ್ತ ಎರಡು ಕುರ್ಚಿ ಸರಿದವು, ಆಮೇಲೆ ಮೂರು. ನಾಲ್ಕನೆಯ ದಿನ ಬಚ್ಚಲುಮನೆಯ ಮರದ ಸ್ಟೂಲೂ ಅಲ್ಲಿಗೆ ಬಂದಿತ್ತು. ಮೀನಿನ ತುಂಡಿಗೆ ಒಂದು ಗೀರೂ ಇಲ್ಲ. ಅವರು ತಿನ್ನುತ್ತಿದ್ದದ್ದು ಅದನ್ನಲ್ಲ, ಅದರ ಮುಂದೆ ಕೂತು ನಮ್ಮ ಮನೆಯ ರುಚಿಯನ್ನೆಲ್ಲ ತಿನ್ನುತ್ತಿದ್ದರು.

ಎರಡು ವಾರದಲ್ಲಿ ಗಂಡನ ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆಯಬೇಕಾಯಿತು. ಉಂಡು ಉಂಡು ಸೊರಗುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನ ಗೇರು ಹಾಕುವಾಗ ಕಣ್ಣು ಕತ್ತಲೆ ಬಂತೆಂದು ಅರ್ಧ ದಿನಕ್ಕೇ ಮನೆಗೆ ಬಂದರು. ನೇರವಾಗಿ ಆ ಕೋಣೆಗೆ ಹೋಗಿ, ತಟ್ಟೆಯನ್ನು ಎತ್ತಿ, ತಳ ನೋಡಿದರು. ಸರಿದ ಕುರ್ಚಿಗಳನ್ನೂ ನೀರಿನ ಲೋಟವನ್ನೂ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

"ಮಾವ ಬಂದು ಒಂದು ತುತ್ತು ತಿಂದ್ರೆ ನಂಗೂ ಸಂತೋಷವೇ ಕಣೇ," ಎಂದರು. "ಆದ್ರೆ ಅವರು ಬರೋ ಹೊತ್ತಿಗೆ ನಾನಿರ್ಬೇಕಲ್ಲ."

ಹಾಗೆಂದು ಒಳಗೆ ಹೋಗಿ ಮಲಗಿದರು. ನಾನು ಕರಿ ಎಳ್ಳನ್ನು ಚಿಮಟದಲ್ಲಿ ಹಿಡಿದು ಮೇಜಿನ ಮುಂದೆ ನಿಂತೆ. ಗಂಟೆ ಮೂರು. ಕಿಟಕಿಯಲ್ಲಿ ಬಿಸಿಲು, ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಚಾಲು ಮಾಡುತ್ತಿದ್ದರು. ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟಿದವು, ಭಾರ ಬಿದ್ದಾಗ ಕಿರುಗುಟ್ಟುವ ಹಾಗೆ. ಕೊನೆಗೆ ಸ್ಟೂಲು. ಕೂತವರು ಯಾರೂ ಕಾಣಲಿಲ್ಲ, ಆದರೆ ಅಷ್ಟೂ ಜನ ನನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ಮೈಮೇಲಿನ ಕೂದಲಿಗೆಲ್ಲ ಗೊತ್ತಾಯಿತು. ಎಳ್ಳು ಇಟ್ಟರೆ ಇವರು ಹೋಗುತ್ತಾರೆ, ನನ್ನ ಗಂಡ ಉಳಿಯುತ್ತಾರೆ, ಅಪ್ಪನ ತುತ್ತು ಶಾಶ್ವತವಾಗಿ ತಪ್ಪುತ್ತದೆ. ನನಗೆ ಅಳು ಬಂತು. ಇಷ್ಟು ಜನ ಗುರುತುಪರಿಚಯವಿಲ್ಲದವರು ಬಂದರು, ಸ್ವಂತ ಮಗಳ ಮನೆಗೆ ಈ ಮನುಷ್ಯನಿಗೆ ಬರಲಾಗಲಿಲ್ಲವೇ ಎಂದು ಅಪ್ಪನ ಮೇಲೇ ಕೋಪ ಬಂತು. ಮೊದಲಿನಿಂದಲೂ ಹಾಗೆಯೇ, ಕೆಲಸದ ಮೇಲಿಂದ ಏಳಿಸಬೇಕಾದರೆ ಮೂರು ಸಲ ಕರೆಯಬೇಕು.

ನನ್ನ ಯೋಚನೆ ಅಲ್ಲಿಗೇ ನಿಂತಿತು.

ಮೂರು ಸಲ ಕರೆಯದೆ ಅಪ್ಪ ಒಂದು ದಿನವೂ ಊಟಕ್ಕೆ ಬಂದವರಲ್ಲ. ಹಸಿದಿದ್ದರೂ ಕುಂಚ ಹಿಡಿದೇ ಕೂತಿರುತ್ತಿದ್ದರು. ಮೂರನೆಯ ಸಲಕ್ಕೆ ಗಂಟಲು ಸರಿಮಾಡಿಕೊಂಡು ಏಳುತ್ತಿದ್ದರು. ನಾನು ಒಂಬತ್ತು ದಿನ ಕುಂಚ ಹಿಡಿದೆ, ಎರಡು ವಾರ ಕಾದೆ, ಕರೆಯಲಿಲ್ಲ. ಅದಕ್ಕೂ ಹಿಂದಿನ ನಾಲ್ಕು ತಿಂಗಳು? ಅವರಿಗೆ ಆಸೆಯಾಗಬಾರದೆಂದು ನಾನೂ ಗಂಡನೂ ಅಡುಗೆಮನೆಯ ಬಾಗಿಲು ಹಾಕಿಕೊಂಡು, ತಟ್ಟೆಯ ಸದ್ದಾಗದಂತೆ ಉಣ್ಣುತ್ತಿದ್ದೆವು. ಒಂದು ಹೊತ್ತಿಗೂ ಅವರನ್ನು ಊಟಕ್ಕೆ ಕರೆಯಲಿಲ್ಲ. ಕರೆದು, ಪಕ್ಕದಲ್ಲಿ ಕೂರಿಸಿಕೊಂಡಿದ್ದರೂ ಸಾಕಾಗಿತ್ತೇನೋ. ಕರೆಯದೆ ಬರುವವರು ಬಂದು ಕೂತಿದ್ದರು. ಅಪ್ಪ ಕರೆಗೆ ಕಾಯುತ್ತಿದ್ದರು.

"ಅಪ್ಪ, ಊಟಕ್ಕೆ ಬನ್ನಿ," ಎಂದೆ. ಇನ್ನೊಮ್ಮೆ ಕರೆದೆ. ಕುರ್ಚಿಗಳು ಸುಮ್ಮನಾದವು. ಮೂರನೆಯ ಸಲ ಯಾವಾಗಲೂ ಕರೆಯುತ್ತಿದ್ದ ಹಾಗೆ, ಸ್ವಲ್ಪ ರೇಗಿ ಕರೆದೆ. "ಅಪ್ಪ, ಆರಿ ಹೋಗುತ್ತೆ, ಬನ್ನಿ."

ಕರೆದ ಮೇಲೆ ನಾನು ನಿಂತು ನೋಡುತ್ತಿರಲಿಲ್ಲ, ಬಿಸಿ ಇದ್ದದ್ದನ್ನು ತರಲು ಅಡುಗೆಮನೆಗೆ ಹೋಗುತ್ತಿದ್ದೆ. ಈಗಲೂ ಹೋದೆ. ಚಿಮಟ ಕೈಯಲ್ಲೇ ಇತ್ತು. ಫ್ರಿಜ್ಜಿನಲ್ಲಿ ಸಾಲ್ಮನ್ನಿನ ಎರಡು ತುಂಡಿದ್ದವು. ಬಾಣಲೆ ಕಾಯಿಸಿದೆ, ಚರ್ಮ ಒತ್ತಿ ಹಿಡಿದೆ, ಪಾಕ ಕುದಿಸಿದೆ. ಎರಡು ವಾರದಿಂದ ಆದಂತೆ ಯಾವ ವಾಸನೆಯೂ ಇಲ್ಲ. ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು, ಒಂದಲ್ಲ, ಹಲವು, ಒಂದರ ಹಿಂದೆ ಒಂದು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ತಿರುಗಲಿಲ್ಲ. ಚಮಚದಲ್ಲಿ ಗೆರೆ ಎಳೆದೆ, ಗೆರೆ ನಿಂತಿತು, ಮುಚ್ಚಿತು. ಪಾಕವನ್ನು ಮೀನಿನ ಮೇಲೆ ಹೊಯ್ದೆ.

ಇದ್ದಕ್ಕಿದ್ದಂತೆ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಹಿಂದೆಯೇ ಜೇನು, ಬೆಳ್ಳುಳ್ಳಿ, ಸುಟ್ಟ ಅಂಚಿನ ವಾಸನೆ. ಒಳಗೆ ಗಂಡ ಮಂಚದ ಮೇಲೆಯೇ ಸೀನಿದರು.

ಬಾಣಲೆ ಹಿಡಿದುಕೊಂಡೇ ಕೋಣೆಗೆ ಹೋದೆ. ಕುರ್ಚಿಗಳೆಲ್ಲ ಮೇಜಿನೊಳಗೆ ಸರಿದಿದ್ದವು, ಒಂದನ್ನು ಬಿಟ್ಟು. ಸ್ಟೂಲು ಅಲ್ಲಿರಲಿಲ್ಲ. ಮೇಣದ ಮೀನಿನ ಒಂದು ಮೂಲೆ ಇರಲಿಲ್ಲ. ಅಲ್ಲಿ ಹಲ್ಲಿನ ಗುರುತು, ಕೆಳಸಾಲಿನಲ್ಲಿ ಒಂದು ಹಲ್ಲಿನಷ್ಟು ಜಾಗ ಖಾಲಿ. ಆ ಹಲ್ಲು ಕೀಳಿಸಲು ಅಪ್ಪನನ್ನು ಕರೆದುಕೊಂಡು ಹೋದವಳು ನಾನೇ. ತಿಂದದ್ದು ಒಂದೇ ತುತ್ತು. ಹಾಗೆ ತಿಂದು, ಆ ತಟ್ಟೆಯಲ್ಲಿ ನಾನು ಬಿಡದ ತಪ್ಪನ್ನು ಅವರೇ ಬಿಟ್ಟುಹೋಗಿದ್ದರು. ಇನ್ನು ಅದಕ್ಕೆ ಯಾರೂ ಬರುವಂತಿರಲಿಲ್ಲ. ಚಿಮಟದ ಕರಿ ಎಳ್ಳು ಎಲ್ಲಿ ಬಿತ್ತೋ ಗೊತ್ತಿಲ್ಲ.

ಗಂಡ ಎದ್ದು ಬಂದು, ಬಾಣಲೆಯಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. "ಖಾರ ಸ್ವಲ್ಪ ಜಾಸ್ತಿ ಆಯ್ತು," ಎಂದರು. ನಾನು ಅವರ ಭುಜ ಹಿಡಿದು ಅತ್ತೆ.

ಹೋಟೆಲಿನವಳಿಗೆ ಬೇರೆ ಮೀನು ಮಾಡಿಕೊಟ್ಟೆ, ಕರಿ ಎಳ್ಳು ಇಟ್ಟೇ ಕೊಟ್ಟೆ. ತಡವಾಯಿತೆಂದು ಆಕೆ ಗೊಣಗಿದಳು, ನಾನೂ ಸುಮ್ಮನಿರಲಿಲ್ಲ. ಮೊದಲಿನದು ನಮ್ಮ ಮೇಜಿನ ಮೇಲೆಯೇ ಇದೆ. ಅದರ ಪಕ್ಕದಲ್ಲಿ ಅಪ್ಪನ ಲೋಟವೂ ಇದೆ. ಊಟ ಮುಗಿದು ಹೊಟ್ಟೆ ತುಂಬಿತು ಎಂದು ಹೇಳಲು ಅಪ್ಪ ಯಾವಾಗಲೂ ಲೋಟವನ್ನು ಬೋರಲು ಹಾಕಿ ಏಳುತ್ತಿದ್ದರು. ಅವತ್ತು ಅದು ಬೋರಲಾಗಿತ್ತು, ಮೇಜಿನ ಮೇಲೆ ಒಂದು ಹನಿ ನೀರೂ ಚೆಲ್ಲಿರಲಿಲ್ಲ.