ಟೇಪಕ್ಕನ ಹೊಸ ಅಳತೆ

ಟೇಪಕ್ಕ ಕತ್ತರಿ ಹಾಕಿದ ಉಡುಪು ತೊಟ್ಟರೆ ಗೂನುಬೆನ್ನಿನವಳೂ ದೀಪದ ಕಂಬದ ಹಾಗೆ ನೆಟ್ಟಗಾಗುತ್ತಾಳೆ, ಬೀದಿ ನಾಯಿಗಳು ಬೊಗಳುವುದನ್ನು ಅರ್ಧಕ್ಕೇ ನಿಲ್ಲಿಸಿ ನೋಡುತ್ತವೆ. ಈ ಮಾತಿನಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳೋಣ. ನಾಯಿಗಳು ಬೊಗಳುತ್ತಲೇ ಇರುತ್ತವೆ. ಉಳಿದರ್ಧಕ್ಕೆ ಇಡೀ ಬೀದಿಯ ಹೆಂಗಸರೇ ಸಾಕ್ಷಿ.

ಇಪ್ಪತ್ತು ವರ್ಷದಿಂದ ಅವಳದು ಹೆಂಗಸರ ಹೊಲಿಗೆ ಅಂಗಡಿ. ಊಟಕ್ಕೆ ಕೂತಾಗಲೂ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದುದರಿಂದ, ಹೆತ್ತವರಿಟ್ಟ ಹೆಸರು ಮೂಲೆಗೆ ಬಿದ್ದು ಟೇಪಕ್ಕ ಎಂಬುದೇ ಉಳಿಯಿತು. ಒಮ್ಮೆ ಹೊಲಿದದ್ದನ್ನು ಬಿಚ್ಚಿದ ಚರಿತ್ರೆ ಅವಳಿಗಿಲ್ಲ. ಮುಂದೆ ಸಡಿಲಿಸಬೇಕಾದೀತೆಂದು ಬೇರೆಯವರು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟರೆ ಇವಳು ಬಿಡುವುದು ಅರ್ಧ ಬೆರಳು. "ಮಾರ್ಜಿನ್ ಬಿಡೋದು ಕೈ ನಡುಗೋರ ಕೆಲಸ" ಅನ್ನುವಳು. ಎದುರಂಗಡಿಯ ದರ್ಜಿಗೆ ಕೇಳಿಸಲಿ ಅಂತಲೇ ಅನ್ನುವಳು. ಅವನನ್ನು ಜನ ಜಿಪ್ಪಣ್ಣ ಎಂದು ಕರೆಯುತ್ತಿದ್ದರು. ಎಲ್ಲಿ ಬಿಗಿಯಾದರೂ ಅಲ್ಲೊಂದು ಜಿಪ್ಪು ಕೂರಿಸಿ ಗಿರಾಕಿಯನ್ನು ಸಾಗಹಾಕುವುದು ಅವನ ವಿದ್ಯೆ.

ಇಂಥ ಟೇಪಕ್ಕನಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಮೂರು ಮಕ್ಕಳು ಸರದಿಯ ಮೇಲೆ ಕುಡಿದು ಬಿಟ್ಟ ಮೇಲೆ ಅವಳ ಎದೆಯಲ್ಲಿ ಉಳಿದದ್ದು ಮಡಚಿಟ್ಟ ಎರಡು ಛತ್ರಿ. ದಿನಾ ಗಿರಾಕಿಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಅವರ ಹೆಗಲ ಮೇಲಿಂದ ತನ್ನನ್ನೂ ನೋಡಿಕೊಂಡು ಅವಳಿಗೆ ಸಾಕಾಗಿತ್ತು. ಎದೆಯನ್ನು ಎತ್ತಿ ಕಟ್ಟಿ, ಒಳಗೆ ಒಂದು ಜೋಡಿ ಮೆತ್ತನೆಯ ಸಿಲಿಕೋನ್ ಚೀಲ ಕೂರಿಸುವ ಆಪರೇಷನ್ ಒಂದಿದೆಯೆಂದು ಗಿರಾಕಿಯೊಬ್ಬಳಿಂದ ಕೇಳಿದವಳೇ ನಿರ್ಧಾರ ಮಾಡಿಬಿಟ್ಟಳು.

"ನನಗೇನೂ ಕಮ್ಮಿ ಕಾಣ್ತಿಲ್ವಲ್ಲೇ" ಎಂದ ಗಂಡ, ಬಸ್ಸಿನ ಡ್ರೈವರು.

"ನಿಮ್ಮ ಕನ್ನಡಕ ಹತ್ತು ವರ್ಷದ ಹಿಂದಿಂದು ರೀ. ನೀವು ಎದುರಿಗೆ ಬರೋ ಲಾರಿ ನೋಡ್ಕೊಳ್ಳಿ ಸಾಕು."

ಗಂಡನ ಹೊರತು ಇನ್ನೊಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದು ತೀರ್ಮಾನವಾಯಿತು. ಮುಖ್ಯವಾಗಿ ಅತ್ತೆಗೆ. ಅತ್ತೆ ಅಂಗಡಿಯಲ್ಲಿ ಕೂತು ಗುಂಡಿ ತೂರುವ ಕಾಜಾ ಹೊಲಿಯುವವರು. ಅವರ ಕಿವಿಗೆ ಬಿದ್ದದ್ದು ಆರನೇ ಕಾಜಾ ಮುಗಿಯುವಷ್ಟರಲ್ಲಿ ಎದುರಂಗಡಿ ಸೇರುತ್ತಿತ್ತು. ಅಲ್ಲಿ ಜಿಪ್ಪಣ್ಣ ಏನನ್ನುತ್ತಾನೆಂದು ಟೇಪಕ್ಕನಿಗೆ ಕಣ್ಣಿಗೆ ಕಟ್ಟಿದಂತಿತ್ತು: 'ಫಿಟಿಂಗು ಅವಳದಲ್ಲಪ್ಪಾ, ಡಾಕ್ಟರದು.' ಇಪ್ಪತ್ತು ವರ್ಷದ ಹೆಸರು ಒಂದೇ ಮಾತಿಗೆ ನೀರುಪಾಲಾಗುತ್ತಿತ್ತು. ಹಾಗಾಗಿ ಮನೆಯಲ್ಲಿ ಹೇಳಿದ್ದು ಭುಜದ ನರದ ಆಪರೇಷನ್ ಎಂದು.

ಆಪರೇಷನ್ ಮುಗಿದು ಎಚ್ಚರವಾದಾಗ ಯಾರೋ ಎದೆಯ ಮೇಲೆ ಎರಡು ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದ ಹಾಗಿತ್ತು. ಡಾಕ್ಟರಮ್ಮ ಬಂದು ಬೆರಳು ಮಡಿಸುತ್ತ ಹೇಳಿದಳು: "ಆರು ವಾರ ಕೈ ಹೆಗಲಿಗಿಂತ ಮೇಲೆ ಹೋಗಬಾರದು. ಅಂಗಾತ ಮಲಗಿ, ತಲೆ ಎತ್ತರ ಇರಲಿ. ಈ ಬಿಗಿ ಬ್ರಾ ಹಗಲೂ ರಾತ್ರಿ ಬಿಚ್ಚಬೇಡಿ. ಈಗ ಊದಿಕೊಂಡು ಮೇಲೆ ಕೂತಿದೆ, ನಿಧಾನಕ್ಕೆ ಇಳಿದು ತನ್ನ ಜಾಗಕ್ಕೆ ಬರುತ್ತೆ. ಮೂರು ತಿಂಗಳು ಆಗೋತನಕ ಇದೇ ನನ್ನ ಅಳತೆ ಅಂದ್ಕೋಬೇಡಿ."

ಟೇಪಕ್ಕ ತಲೆಯಾಡಿಸಿದಳು. ಕೊನೆಯ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಮನೆಯಲ್ಲಿ ಏಳು ದಿಂಬು ಒಟ್ಟಿಕೊಂಡು, ಸಿಂಹಾಸನದ ಮೇಲೇ ನಿದ್ದೆಹೋದ ರಾಣಿಯ ಹಾಗೆ ಮಲಗುತ್ತಿದ್ದಳು. ಅತ್ತೆ ಭುಜವನ್ನು ಗುಣಮಾಡಲು ಟೊಂಕ ಕಟ್ಟಿ ನಿಂತರು. ಬೆಳಿಗ್ಗೆ ಒಂದು ಬಿಸಿನೀರಿನ ಚೀಲ, ಸಂಜೆ ಒಂದು ಬಿಸಿನೀರಿನ ಚೀಲ, ನಡುವೆ ಕವಾಯತು.

"ಭುಜದ ಆಪರೇಷನ್ ಆದೋರು ಕೈ ಆಡಿಸ್ಬೇಕು ಕಣೇ. ಎತ್ತು ಮೇಲಕ್ಕೆ. ನಮ್ಮಣ್ಣ ಎತ್ತದೇ ಕೂತು, ಸಾಯೋವರೆಗೂ ಅವನ ಕೈ ಭಿಕ್ಷೆ ಕೇಳೋರ ಹಂಗೇ ಇತ್ತು."

"ಡಾಕ್ಟರಮ್ಮ ಬೇಡ ಅಂದಿದಾರೆ ಅತ್ತೆ."

"ಕರ್ಕೊಂಡು ಬಾ ಅವಳನ್ನ. ಅವಳ ಕೈನೂ ಎತ್ತಿಸ್ತೀನಿ."

ಮರಗಟ್ಟಿದ್ದ ನರಗಳು ಎಚ್ಚರಾಗುವಾಗ ಎದೆಯಲ್ಲಿ ಚುರ್ರೆಂದು ಕರೆಂಟು ಹೊಡೆಯುತ್ತಿತ್ತು. ಒಮ್ಮೆ ಊಟದ ನಡುವೆ ಟೇಪಕ್ಕ ಎದೆ ಹಿಡಿದುಕೊಂಡು ಕುರ್ಚಿಯಿಂದ ಒಂದು ಗೇಣು ಮೇಲಕ್ಕೆ ಹಾರಿದಳು.

"ಭುಜದ ನೋವಿಗೆ ಎದೆ ಹಿಡ್ಕೋತೀಯಲ್ಲೇ?"

"ನರ ಅಲ್ಲಿಂದ ಇಲ್ಲಿಗೆ ಬರುತ್ತೆ ಅತ್ತೆ."

"ನಮ್ಮ ಕಾಲದ ನರಗಳು ಇದ್ದ ಕಡೆ ಇರ್ತಿದ್ವಪ್ಪ."

ಗಂಡ ತಟ್ಟೆಯೊಳಗೆ ಮುಖ ಹುದುಗಿಸಿ ಕೆಮ್ಮಿದ.

ಇಷ್ಟರಲ್ಲಿ ದರ್ಜಿಗಳ ಸಂಘದ ವರ್ಷದ ಸಭೆಗೆ ದಿನ ಗೊತ್ತಾಯಿತು. ಅಲ್ಲಿನ ಪದ್ಧತಿ ಹೀಗೆ: ವೇದಿಕೆ ಹತ್ತುವವರು ತಾವೇ ಕತ್ತರಿಸಿದ್ದನ್ನು ತಾವೇ ತೊಟ್ಟು ಬರಬೇಕು, ಹಿರಿಯರು ಹೊಲಿಗೆ ಎಳೆದು ನೋಡುತ್ತಾರೆ, ಕಟಿಂಗ್ ಕಲಿತದ್ದು ಯಾರಿಂದ ಎಂದು ಕೇಳುತ್ತಾರೆ. ಗುರುವಿನ ಹೆಸರು ಮುಚ್ಚಿಟ್ಟು ಇನ್ನೊಬ್ಬರ ಕಟಿಂಗನ್ನು ತನ್ನದೆಂದವರನ್ನು ಸಂಘದಿಂದ ತೆಗೆದುಹಾಕುತ್ತಾರೆ. ಇಷ್ಟು ವರ್ಷ ಬೇರೆಯವರನ್ನು ವೇದಿಕೆಗೆ ಸಿಂಗರಿಸಿ ಕಳಿಸಿದ ಟೇಪಕ್ಕ, ಈ ಸಲ ತನ್ನ ಹೆಸರು ಬರೆಸಿದಳು.

ಆಪರೇಷನ್ ಆಗಿ ಹನ್ನೆರಡನೇ ದಿನ ಕನ್ನಡಿಯ ಮುಂದೆ ನಿಂತಳು. ಎದೆ ಗಲ್ಲಕ್ಕೆ ಗುಟ್ಟು ಹೇಳುವಷ್ಟು ಮೇಲಿತ್ತು. 'ಹೊಟ್ಟೆ ತುಂಬಿದಾಗ ಅಳತೆ ಕೊಡಬೇಡಿ, ಕಾಲು ಊದಿದಾಗ ಚಪ್ಪಲಿ ಕೊಳ್ಳಬೇಡಿ' ಎಂದು ಲೋಕಕ್ಕೆಲ್ಲ ಬುದ್ಧಿ ಹೇಳುವವಳು, ಮೋಹಕ್ಕೆ ಬಿದ್ದು, ಗಂಡನ ಕೈಗೆ ಟೇಪು ಕೊಟ್ಟು ಅಳತೆ ತೆಗೆಸಿಯೇಬಿಟ್ಟಳು. ಐದನೇ ವಾರ ಕೂತು ಮಾಡುವ ಕೆಲಸಕ್ಕೆ ಡಾಕ್ಟರಮ್ಮ ಒಪ್ಪಿದ ದಿನವೇ ಆ ಅಳತೆಗೆ ನೇರಳೆ ರೇಷ್ಮೆಯನ್ನು ಕತ್ತರಿಸಿದಳು. ಮಾರ್ಜಿನ್, ಎಂದಿನಂತೆ, ಅರ್ಧ ಬೆರಳು.

ಊತ ಮೆಲ್ಲಗೆ ಇಳಿಯಿತು. ಎಡಗಡೆಯದು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಮೊದಲು ಜಾಗಕ್ಕೆ ಬಂತು. ಬಲಗಡೆಯದು ಹತ್ತು ದಿನ ಹಟ ಹಿಡಿದು ಆಮೇಲೆ ಬಂತು. ಒಂಬತ್ತನೇ ವಾರಕ್ಕೆ ಎರಡೂ ದುಂಡಗೆ, ಮೆತ್ತಗೆ, ಅಕ್ಕಪಕ್ಕದ ಮನೆಯವರ ಹಾಗೆ ಹೊಂದಿಕೊಂಡು ಕೂತವು. ಟೇಪಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸಭೆಗೆ ನಾಲ್ಕು ದಿನವಿರುವಾಗ ಉಡುಪು ತೊಟ್ಟಳು.

ಎದೆಗೆ ಉಬ್ಬು ಕೊಡಲು ಹಾಕುವ ಮಡಿಕೆ, ಅದೇ ಟಕ್ಸು, ಎರಡೂ ಸೂರು ನೋಡುತ್ತಿದ್ದವು. ಅವುಗಳ ಹಿಂದೆ ಗಾಳಿ ಮಾತ್ರ. ಇರಬೇಕಾದದ್ದು ಎರಡು ಬೆರಳು ಕೆಳಗೆ, ಉಸಿರಾಡಲು ಜಾಗವಿಲ್ಲದೆ ಒದ್ದಾಡುತ್ತಿತ್ತು. ಬಿಡಿಸೋಣವೆಂದರೆ ಒಳಗೆ ಬಟ್ಟೆಯಿಲ್ಲ. ಕೈ ಇಳಿಬಿಟ್ಟು ನಿಂತರೆ ಮಾತ್ರ ಸರಿಯಾದ ಅಳತೆ; ತನ್ನ ಮೈಮೇಲೆ ತಾನೇ ಗುಂಡುಸೂಜಿ ಚುಚ್ಚಲು ಕೈ ಎತ್ತಿದರೆ ಎಲ್ಲವೂ ಅಲುಗುತ್ತದೆ. ಬಾಗಿಲು ಹಾಕಿ ಗಂಡನನ್ನೇ ನಿಲ್ಲಿಸಿಕೊಂಡಳು. ಅವನು ಬೆವರುತ್ತ ಹದಿನೇಳು ಗುಂಡುಸೂಜಿ ಚುಚ್ಚಿದ. ಚುಚ್ಚಿ ಹಿಂದೆ ಸರಿದರೆ ಅವಳೂ ಜೊತೆಗೇ ಬಂದಳು. ಅವನ ಅಂಗಿಯ ತೋಳು, ಅವಳ ಉಡುಪು, ಎರಡೂ ಒಂದಾಗಿಹೋಗಿದ್ದವು. ಇಬ್ಬರೂ ಕುರ್ಚಿ ಎಡವಿ ಗೋಡೆಗೆ ಬಡಿದ ಸದ್ದಿಗೆ ಅತ್ತೆ ಬಾಗಿಲು ತಳ್ಳಿಕೊಂಡು ಬಂದರು.

"ಬಿಡ್ಸಮ್ಮಾ" ಎಂದ ಮಗ.

ಅತ್ತೆ ಒಂದೊಂದೇ ಸೂಜಿ ಕಿತ್ತರು. "ಲೋ, ನೀನು ಹೋಗಿ ಬಸ್ಸು ಓಡಿಸು." ಅವನು ಬದುಕಿದೆಯಾ ಬಡಜೀವವೇ ಎಂದು ಓಡಿದ. ಅತ್ತೆ ಉಡುಪನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಅಳತೆಗೆ ಕತ್ತರಿಸಿದ್ದು ಇದನ್ನ?"

ಸುಳ್ಳು ಹೇಳಿದರೆ ಗುಟ್ಟು ಉಳಿಯುತ್ತದೆ, ಸಭೆಯಲ್ಲಿ ಮಾನ ಹೋಗುತ್ತದೆ. ಟೇಪಕ್ಕ ಉಡುಪನ್ನೂ ಬ್ರಾವನ್ನೂ ಬಿಚ್ಚಿ ನಿಂತಳು. ಅತ್ತೆ ಕನ್ನಡಕ ಏರಿಸಿದರು. ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದರು.

"ಯಾರು ಹಾಕಿದ್ದು ಈ ಹೊಲಿಗೆ?"

"ಡಾಕ್ಟರಮ್ಮ."

"ಕೈ ಚೆನ್ನಾಗಿದೆ. ಗಂಟು ಎಲ್ಲೂ ಕಾಣಲ್ಲ. ದಾರ ಒಂಚೂರು ಕೆಂಪಾಯ್ತು."

"ದಾರ ಅಲ್ಲ ಅತ್ತೆ, ಗಾಯದ ಗುರುತು. ವರ್ಷ ಕಳೆದ್ರೆ ಮಾಸುತ್ತಂತೆ."

"ನೋಡು, ತೊಟ್ಟಿನ ಸುತ್ತ ಒಂದು, ನೇರ ಕೆಳಕ್ಕೆ ಒಂದು, ಬುಡದಲ್ಲಿ ಅರ್ಧಚಂದ್ರ ಒಂದು. ಅವಳು ಮೂರು ಹೊಲಿಗೆ ಹಾಕಿ ಎತ್ತಿ ನಿಲ್ಲಿಸಿದಾಳೆ. ನೀನು ಎರಡು ಟಕ್ಸಲ್ಲಿ ಮುಗ್ಸೋಕೆ ಹೊರಟಿದೀಯ. ಸೋಮಾರಿ."

"ಬೈಯಲ್ವಾ ಅತ್ತೆ?"

"ಬೈತೀನಿ. ಏನೂ ಆಗದಿರೋ ಭುಜಕ್ಕೆ ಒಂಬತ್ತು ವಾರ ನೀರು ಕಾಯಿಸಿದೆನಲ್ಲ, ಅದಕ್ಕೆ ಬೈತೀನಿ. ಮೊದಲು ಕೈ ಇಳಿಬಿಟ್ಟು ನಿಂತ್ಕೋ."

"ಎದುರಂಗಡಿಗೆ ಮಾತ್ರ…"

"ನಾನು ಯಾರ ಹತ್ರ ಏನು ಹೇಳಿದೀನಿ?"

"ಹೋದ ವರ್ಷ ನಿಮ್ಮ ಮಗನ ಮೂಲವ್ಯಾಧಿ…"

"ಅದು ಕಾಯಿಲೆ ಕಣೇ. ಇದು ಕಸುಬು."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಟೇಪಕ್ಕ ತನ್ನ ಹೊಲಿಗೆ ತಾನೇ ಬಿಚ್ಚಿದಳು. ಉಡುಪಿನ ಉದ್ದ ತೋಳನ್ನು ಮೊಣಕೈವರೆಗೆ ಕತ್ತರಿಸಿ, ಬಂದ ಬಟ್ಟೆಯಲ್ಲಿ ಎರಡು ಅರ್ಧಚಂದ್ರ ತೆಗೆದು ಎದೆಯ ಬುಡಕ್ಕೆ ಕೂರಿಸಿದರು. ಎರಡೂ ಕಡೆ ಎದೆಯ ನಡುಮಧ್ಯದಿಂದ ಕೆಳಕ್ಕೆ ಒಂದೊಂದು ನೇರ ಹೊಲಿಗೆ ಇಳಿಸಿದರು. ಅತ್ತೆ ಚುಚ್ಚುವುದು, ಸೊಸೆ ಹೊಲಿಯುವುದು. ಅನುಮಾನ ಬಂದಾಗಲೆಲ್ಲ ಅತ್ತೆ ಅವಳನ್ನು ತಿರುಗಿಸಿ ಡಾಕ್ಟರಮ್ಮನ ಕೆಲಸವನ್ನೇ ನೋಡಿಕೊಳ್ಳುವರು. ಮೂರನೇ ದಿನ ಉಡುಪು ಮೈಮೇಲೆ ಎರಕ ಹೊಯ್ದಂತೆ ಕೂತಿತು.

ಸಭೆಯಲ್ಲಿ ಅವಳು ವೇದಿಕೆ ಹತ್ತಿದಾಗ ಫ್ಯಾನುಗಳೂ ತಿರುಗುವುದನ್ನು ನಿಲ್ಲಿಸಿದವು. ಕರೆಂಟು ಹೋಗಿತ್ತು ಅನ್ನುವವರೂ ಇದ್ದಾರೆ. ಹಿರಿಯ ದರ್ಜಿ ಬಗ್ಗಿ ಅರ್ಧಚಂದ್ರದ ಅಂಚು ನೋಡಿ ಇನ್ನೊಬ್ಬ ಹಿರಿಯಳನ್ನು ಕರೆದ. ಕೊನೆಗೆ ಜಿಪ್ಪಣ್ಣನೇ ಎದ್ದು ಬಂದ. ನೋಡಿದ. ಬಲಗಡೆಯಿಂದ ನೋಡಿದ, ಎಡಗಡೆಯಿಂದ ನೋಡಿದ. ಒಂದು ಜಿಪ್ಪೂ ಸಿಗಲಿಲ್ಲ.

"ಅಕ್ಕಾ, ಮೂವತ್ತು ವರ್ಷದಲ್ಲಿ ಇಂಥ ಕಟಿಂಗ್ ನಾನು ಕಂಡಿಲ್ಲ. ಯಾರ ಹತ್ರ ಕಲಿತ್ರಿ?"

ಹಿರಿಯ ಮೈಕನ್ನು ಅವಳ ಬಾಯಿಗೆ ಹಿಡಿದ. 'ನನ್ನದೇ' ಅಂದರೆ ಸಂಘದ ಪದ್ಧತಿ ಮುರಿದ ಹಾಗೆ. ಗುರುವಿನ ಹೆಸರು ಹೇಳಿದರೆ, ಅವಳು ಹೆದರಿದ್ದ ಆ ಒಂದು ಮಾತನ್ನು ಜಿಪ್ಪಣ್ಣನ ಬಾಯಿಗೆ ತಾನೇ ಇಟ್ಟ ಹಾಗೆ. ಮುಂದಿನ ಸಾಲಿನಲ್ಲಿ ಅತ್ತೆ ತುಟಿಗೆ ಗುಂಡಿ ಹಾಕಿಕೊಂಡಂತೆ ಕೂತಿದ್ದರು. ಟೇಪಕ್ಕ ಗಂಟಲು ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, ಒಂದೇ ಒಂದು ವಾಕ್ಯ ಹೇಳಿ ಇಳಿದು ಬಂದಳು.

ಮುಂದಿನ ಸೋಮವಾರ ಡಾಕ್ಟರಮ್ಮನ ಬಾಗಿಲ ಮುಂದೆ ಐವತ್ತು ಜನ, ಬೇಡ ಬಿಡಿ, ಐದು ಜನ ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಐದೂ ಜನ ದರ್ಜಿಗಳ ಮನೆಯವರೇ. ಕೊನೆಯವಳ ಪಕ್ಕದಲ್ಲಿ ಹೆಂಡತಿಯ ಕೈಚೀಲ ಅಪ್ಪಿಕೊಂಡು, ನೆಲ ನೋಡುತ್ತ ಜಿಪ್ಪಣ್ಣ ಕೂತಿದ್ದ. ಈಗ ನೀವೇ ಹೇಳಿ, ಟೇಪಕ್ಕ ಅವತ್ತು ಮೈಕಿನಲ್ಲಿ ಏನಂದಿರಬಹುದು?